ಎಂಜಿನಿಯರಿಂಗ್ ಪದವಿ: ಯಾವುದಕ್ಕೆ ಹೋಲಿಸಿದರೆ ಲಾಭ?

(ವಿದ್ಯಾರ್ಥಿಗಳೂ ಪೋಷಕರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕವನ್ನು ಇಲ್ಲಿ ವಾಕ್ಯಗಳಲ್ಲೇ ಬಿಡಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಂಘಟಕರು ನನಗೆ ಕೊಟ್ಟಿರುವ ವಿಷಯ "ಎಂಜಿನಿಯರಿಂಗ್ ಪದವಿ ಲಾಭದಾಯಕವೇ?" ಎಂಬುದು. ಹೌದು ಎಂದುಬಿಟ್ಟರೆ ಈಗಾಗಲೇ ಶುಲ್ಕ ಕಟ್ಟಿರುವವರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಇಲ್ಲ ಎಂದರೆ ಕಟ್ಟದವರು ಹೋಗುತ್ತಾರೆ. ಇಬ್ಬರಿಗೂ ಆ ಸುಖ ಕೊಡುವ ಉದ್ದೇಶ ನನಗಿಲ್ಲ, ಏಕೆಂದರೆ ಪ್ರಶ್ನೆಯೇ ಇನ್ನೂ ಪೂರ್ತಿಯಾಗಿಲ್ಲ. ಲಾಭ ಸರಿ, ಯಾವುದಕ್ಕೆ ಹೋಲಿಸಿದರೆ? ಈ ಅರ್ಧ ತುಂಬದೆ ಯಾರು ಏನು ಉತ್ತರ ಕೊಟ್ಟರೂ ಅದು ಊಹೆಯೇ.

ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಕಲಿಸುವವನು. ಯಂತ್ರ ಕೊಳ್ಳಬೇಕೇ ಬೇಡವೇ ಎಂಬ ಲೆಕ್ಕ ಅವರ ಪಠ್ಯದಲ್ಲೇ ಇದೆ. ಒಂದು ಪಂಪಿನ ಬೆಲೆ ಎಷ್ಟು, ಎಷ್ಟು ವರ್ಷ ಓಡುತ್ತದೆ, ವರ್ಷಕ್ಕೆ ಎಷ್ಟು ಉಳಿಸುತ್ತದೆ, ಬಡ್ಡಿ ಎಷ್ಟು, ಸವಕಳಿ ಎಷ್ಟು, ಕೊನೆಗೆ ಗುಜರಿಗೆ ಹಾಕಿದರೆ ಏನು ಸಿಗುತ್ತದೆ, ಎಲ್ಲವನ್ನೂ ಪುಟಗಟ್ಟಲೆ ಬರೆಯುತ್ತಾರೆ. ಆದರೆ ಪಂಪಿಗಿಂತ ಎಷ್ಟೋ ಪಟ್ಟು ದುಬಾರಿಯಾದ ತಮ್ಮ ಪದವಿಯ ಬಗ್ಗೆ ಈ ಲೆಕ್ಕ ಹಾಕಿದವರು ಸಿಗುವುದೇ ಅಪರೂಪ. ಹಾಕಲು ಬರುವುದಿಲ್ಲ ಎಂದಲ್ಲ, ಯಾರೂ ಕೇಳಿಲ್ಲ.

ಈ ಯೋಚನೆ ಹೊಸದೇನಲ್ಲ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲೇ ಬರೆದಿದ್ದಾನೆ: ಬಹಳ ಶ್ರಮ ಮತ್ತು ಕಾಲ ಸುರಿದು ವಿಶೇಷ ಕೌಶಲ ಕಲಿತ ಮನುಷ್ಯನನ್ನು ದುಬಾರಿ ಯಂತ್ರವೊಂದಕ್ಕೆ ಹೋಲಿಸಬಹುದು. ಅವನಿಗೆ ಸಾಮಾನ್ಯ ಕೂಲಿಗಿಂತ ಹೆಚ್ಚಾಗಿ ಸಿಗುವ ಭಾಗ ಇದೆಯಲ್ಲ, ಅದು ಕಲಿಕೆಯ ಇಡೀ ಖರ್ಚನ್ನೂ ಅಷ್ಟೇ ಬಂಡವಾಳಕ್ಕೆ ಬೇರೆಡೆ ಸಿಗುತ್ತಿದ್ದ ಲಾಭವನ್ನೂ ಹಿಂತಿರುಗಿಸಬೇಕು. ಅದೂ ಮಿತವಾದ ಅವಧಿಯೊಳಗೆ, ಏಕೆಂದರೆ ಮನುಷ್ಯನ ಆಯಸ್ಸು ಯಂತ್ರದ ಆಯಸ್ಸಿನಷ್ಟು ಖಚಿತವಲ್ಲ. ಇಲ್ಲಿ "ಹೆಚ್ಚಾಗಿ ಸಿಗುವ ಭಾಗ" ಎಂಬುದನ್ನು ಗಮನಿಸಿ. ಎಂಜಿನಿಯರ್‌ನ ಸಂಬಳ ಪದವಿಯ ಆದಾಯವಲ್ಲ. ಪದವಿ ಇಲ್ಲದಿದ್ದರೂ ಅದೇ ವ್ಯಕ್ತಿ ದುಡಿಯುತ್ತಿದ್ದ ಮೊತ್ತವನ್ನು ಕಳೆದ ಮೇಲೆ ಉಳಿಯುವುದಷ್ಟೇ ಪದವಿಯ ಆದಾಯ.

ಖರ್ಚಿನ ಕಡೆಯೂ ಇಂಥದೇ ಮರೆವು ಇದೆ. ಥಿಯೊಡೋರ್ ಷುಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞ 1960ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ ಶಿಕ್ಷಣವನ್ನು ಬಂಡವಾಳ ಹೂಡಿಕೆ ಎಂದೇ ನೋಡಬೇಕೆಂದು ವಾದಿಸಿದರು. ಮನುಷ್ಯನನ್ನು ಬಂಡವಾಳ ಎನ್ನುವುದು ಅಪಚಾರ ಎಂದು ಆಗ ಹಲವರಿಗೆ ಅನಿಸಿತ್ತು. ಅಂದಿನ ಅಮೆರಿಕದಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣದ ಒಟ್ಟು ವೆಚ್ಚದ ಅರ್ಧಕ್ಕಿಂತ ಹೆಚ್ಚು ಭಾಗ ವಿದ್ಯಾರ್ಥಿಗಳು ಓದುತ್ತಾ ಕಳೆದುಕೊಂಡ ಗಳಿಕೆಯೇ ಎಂದು ಅವರು ಅಂದಾಜು ಮಾಡಿದ್ದರು. ಯಾವ ಕಾಲೇಜೂ ಈ ಬಾಬ್ತಿಗೆ ರಸೀದಿ ಕೊಡುವುದಿಲ್ಲ. ರಸೀದಿ ಇಲ್ಲದ ಖರ್ಚು ಖರ್ಚೇ ಅಲ್ಲ ಎಂದುಕೊಳ್ಳುತ್ತೇವೆ. ಅತ್ತ ಊಟ ಬಟ್ಟೆಯ ಖರ್ಚನ್ನು ಪದವಿಯ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಓದದಿದ್ದರೆ ಉಪವಾಸ ಇರುತ್ತಿದ್ದೆವೇ? ಮನೆ ಬಿಟ್ಟು ದೂರ ಹೋದದ್ದಕ್ಕೆ ಎಷ್ಟು ಹೆಚ್ಚಾಯಿತೋ ಅಷ್ಟನ್ನು ಮಾತ್ರ ಸೇರಿಸಿದರೆ ಸಾಕು.

ಈಗ ಹಲಗೆಗೆ ಬರೋಣ. ಯಾವ ದೇಶದ ನಾಣ್ಯವೂ ಬೇಡ. ಪದವಿ ಇಲ್ಲದೆ ಈಗಲೇ ಕೆಲಸಕ್ಕೆ ಸೇರಿದರೆ ವರ್ಷಕ್ಕೆ ಸಿಗುವ ಗಳಿಕೆಯನ್ನು 100 ಎಂದು ಇಟ್ಟುಕೊಳ್ಳಿ. ಕಾಲೇಜಿನ ಶುಲ್ಕ, ಪುಸ್ತಕ, ಹೆಚ್ಚುವರಿ ವಾಸದ ಖರ್ಚು ಸೇರಿ ವರ್ಷಕ್ಕೆ 60. ಕೈತಪ್ಪಿದ ಗಳಿಕೆ 100. ಅಲ್ಲಿಗೆ ವರ್ಷಕ್ಕೆ 160, ನಾಲ್ಕು ವರ್ಷಕ್ಕೆ 640. ಪದವಿ ಮುಗಿದ ಮೇಲೆ ಎಂಜಿನಿಯರ್ ಆಗಿ 160 ಸಿಗುತ್ತದೆ ಎನ್ನಿ. ಹೆಚ್ಚಾಗಿ ಸಿಕ್ಕಿದ್ದು 60. 640ನ್ನು 60ರಿಂದ ಭಾಗಿಸಿದರೆ ಹತ್ತೂವರೆ ವರ್ಷ ದಾಟುತ್ತದೆ. ಶುಲ್ಕವನ್ನಷ್ಟೇ ನೋಡಿದವರು "240 ಹಾಕಿದೆ, ವರ್ಷಕ್ಕೆ 160 ಬರುತ್ತಿದೆ, ಒಂದೂವರೆ ವರ್ಷದಲ್ಲಿ ಅಸಲು ಬಂತು" ಎನ್ನುತ್ತಾರೆ. ಎರಡೂ ಒಂದೇ ಪದವಿಯ ಲೆಕ್ಕ.

ಇದರಲ್ಲಿ ಬಡ್ಡಿ ಇನ್ನೂ ಬಂದಿಲ್ಲ. ಸಾಲ ಮಾಡಿದ್ದರೆ ಬಡ್ಡಿ ಕಾಣುತ್ತದೆ, ಸ್ವಂತ ಹಣ ಹಾಕಿದ್ದರೆ ಕಾಣುವುದಿಲ್ಲ, ಆದರೆ ಇದ್ದೇ ಇರುತ್ತದೆ. ಬೆಲೆಗಳ ಜೊತೆ ಸಂಬಳವೂ ಏರುವುದರಿಂದ ಹಣದುಬ್ಬರವನ್ನು ಕಳೆದು ಉಳಿಯುವ ಬಡ್ಡಿಯನ್ನು ಮಾತ್ರ ಹಿಡಿಯೋಣ. ಅದು ಶೇಕಡಾ 5 ಎಂದಾದರೆ, ಪ್ರತಿ ವರ್ಷದ ಆರಂಭದಲ್ಲಿ ಹಾಕಿದ 160 ಬೆಳೆಯುತ್ತಾ ಹೋಗಿ ಪದವಿ ಮುಗಿಯುವ ದಿನಕ್ಕೆ ಒಟ್ಟು 724 ಆಗಿರುತ್ತದೆ. ವರ್ಷಕ್ಕೆ 60ರಂತೆ ಅದನ್ನು ತೀರಿಸಲು ಸುಮಾರು 19 ವರ್ಷ ಬೇಕು. ಬಡ್ಡಿ ಶೇಕಡಾ 8 ಆದರೆ? ಮೊತ್ತ ಸುಮಾರು 779 ಆಗುತ್ತದೆ, ಅದರ ಒಂದು ವರ್ಷದ ಬಡ್ಡಿಯೇ 62. ವರ್ಷಕ್ಕೆ ಸಿಗುವ 60 ಬಡ್ಡಿಗೂ ಸಾಲದು, ಅಸಲಂತೂ ಎಂದಿಗೂ ತೀರುವುದಿಲ್ಲ. ಸಂಬಳ 160ರ ಬದಲು 190 ಆಗಿದ್ದರೆ ಶೇಕಡಾ 5ರ ಬಡ್ಡಿಯಲ್ಲಿ ಅದೇ ಪದವಿ ಸುಮಾರು ಹತ್ತೂವರೆ ವರ್ಷಕ್ಕೆ ತೀರುತ್ತದೆ. ಹೆಚ್ಚುವರಿ ಗಳಿಕೆಯಲ್ಲಿ ಅರ್ಧಪಟ್ಟು ವ್ಯತ್ಯಾಸವಾದರೆ ಸಾಲದ ಕಾಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಇವು ವಿವರಣೆಗೆ ನಾನು ಆರಿಸಿಕೊಂಡ ಅಂಕಿಗಳು, ನಿಮ್ಮವನ್ನು ನೀವು ತುಂಬಿಕೊಳ್ಳಬೇಕು. ನಾಲ್ಕು ವರ್ಷಗಳಲ್ಲಿ ಮುಗಿಯಬೇಕಾದದ್ದು ಐದಾದರೆ ಏನಾಗುತ್ತದೆ ಎಂಬುದನ್ನೂ ತುಂಬಿ. ಬಾಕಿ ಉಳಿದ ಒಂದೆರಡು ವಿಷಯಗಳ ಪರೀಕ್ಷಾ ಶುಲ್ಕ ಅಲ್ಪವೇ ಇರಬಹುದು. ಆದರೆ ಆ ವರ್ಷ ಕಳೆದುಹೋದದ್ದು ಎಂಜಿನಿಯರ್‌ನ ಒಂದು ವರ್ಷದ ಪೂರ್ತಿ ಸಂಬಳ. ಅರ್ಧಕ್ಕೇ ಬಿಟ್ಟವರ ಸ್ಥಿತಿ ಇದಕ್ಕಿಂತ ಕೆಟ್ಟದು. ಎರಡು ವರ್ಷ ಎಂಜಿನಿಯರಿಂಗ್ ಓದಿದವನಿಗೆ ಅರ್ಧ ಎಂಜಿನಿಯರ್‌ನ ಸಂಬಳ ಎಂಬುದು ಎಲ್ಲೂ ಇಲ್ಲ.

ಇನ್ನು ಆದಾಯದ ಕಡೆಗೆ. "ಎಂಜಿನಿಯರ್‌ಗಳ ಸರಾಸರಿ ಸಂಬಳ ಇಷ್ಟು, ಉಳಿದವರದ್ದು ಇಷ್ಟು" ಎಂದು ಪತ್ರಿಕೆಯಲ್ಲಿ ಓದಿ ವ್ಯತ್ಯಾಸವನ್ನು ಪದವಿಯ ಖಾತೆಗೆ ಜಮಾ ಮಾಡುತ್ತೇವೆ. ಆದರೆ ಗಣಿತ ಚೆನ್ನಾಗಿ ಬರುವ, ಛಲವಿರುವ, ಮನೆಯ ಬೆಂಬಲವಿರುವ ಹುಡುಗ ಹುಡುಗಿಯರೇ ಹೆಚ್ಚಾಗಿ ಎಂಜಿನಿಯರಿಂಗ್ ಸೇರುತ್ತಾರೆ. ಅವರು ಲೆಕ್ಕಪತ್ರವನ್ನೋ ವ್ಯಾಪಾರವನ್ನೋ ಹಿಡಿದಿದ್ದರೂ ಸರಾಸರಿಗಿಂತ ಮೇಲೆಯೇ ಇರುತ್ತಿದ್ದರು. ಮೈಕಲ್ ಸ್ಪೆನ್ಸ್ 1973ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಕಾಲೇಜು ಏನನ್ನೂ ಕಲಿಸದಿದ್ದರೂ ಪದವಿಗೆ ಬೆಲೆ ಸಿಗಬಹುದು. ಕಷ್ಟದ ಓದನ್ನು ಮುಗಿಸಬಲ್ಲವನು ಸಮರ್ಥನಿರಬೇಕು ಎಂದು ಕೆಲಸ ಕೊಡುವವನು ಊಹಿಸಿಕೊಳ್ಳುತ್ತಾನೆ, ಆ ಊಹೆಗೇ ಸಂಬಳ. ಪದವಿ ಸಾಮರ್ಥ್ಯದ ಸಂಕೇತವಷ್ಟೇ. 2001ರಲ್ಲಿ ಅವರಿಗೆ ನೊಬೆಲ್ ಬಂತು. ತರಗತಿಯಲ್ಲಿ ಈ ಸಿದ್ಧಾಂತ ಹೇಳಿದಾಗ ವಿದ್ಯಾರ್ಥಿಗಳು ಕೊಂಚ ಹೆಚ್ಚೇ ಖುಷಿಪಡುತ್ತಾರೆ. ಸೇತುವೆ ಕಟ್ಟುವವನ ಓದು ಬರಿಯ ಸಂಕೇತವಲ್ಲ ಎಂದು ನಾನು ನೆನಪಿಸಬೇಕಾಗುತ್ತದೆ.

ಹಾಗಾದರೆ ಪದವಿಯ ಪಾಲು ಯಾವುದು, ವ್ಯಕ್ತಿಯ ಪಾಲು ಯಾವುದು ಎಂದು ಬೇರ್ಪಡಿಸುವುದು ಹೇಗೆ? ಒಬ್ಬನೇ ವ್ಯಕ್ತಿ ಎರಡು ಬದುಕು ಬದುಕುವುದಿಲ್ಲವಲ್ಲ. ಈ ತೊಡಕನ್ನು ಬಿಡಿಸಲು ನಾರ್ವೆ ಬಹಳ ಒಳ್ಳೆಯ ಜಾಗ. ಅಲ್ಲಿ ಉನ್ನತ ಶಿಕ್ಷಣದ ಪ್ರವೇಶ ಒಂದೇ ಕೇಂದ್ರದಿಂದ ನಡೆಯುತ್ತದೆ. ಪ್ರತಿ ವಿದ್ಯಾರ್ಥಿಯೂ ತನ್ನ ಆಯ್ಕೆಗಳನ್ನು ಕ್ರಮವಾಗಿ ಬರೆದುಕೊಡುತ್ತಾನೆ, ಅಂಕದ ಮೇಲೆ ಸೀಟು ಹಂಚುತ್ತಾರೆ. ಸೀಟು ಸಿಗಲು ಬೇಕಾದ ಕನಿಷ್ಠ ಅಂಕಕ್ಕಿಂತ ಕೂದಲೆಳೆಯಷ್ಟು ಮೇಲಿದ್ದವನಿಗೆ ಮೊದಲ ಆಯ್ಕೆ ಸಿಗುತ್ತದೆ, ಕೂದಲೆಳೆಯಷ್ಟು ಕೆಳಗಿದ್ದವನು ಎರಡನೆಯದಕ್ಕೆ ಹೋಗುತ್ತಾನೆ. ಸಾಮರ್ಥ್ಯದಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ಮುಖ್ಯವಾಗಿ, ಮೊದಲನೆಯದು ಸಿಗದಿದ್ದರೆ ಇವರು ಏನು ಓದುತ್ತಿದ್ದರು ಎಂಬುದು ಅವರ ಕೈಬರಹದಲ್ಲೇ ಇದೆ. ಕಿರ್ಕೆಬೋಯೆನ್, ಲೋವೆನ್ ಮತ್ತು ಮೋಗ್ಸ್ಟಾಡ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಈ ದಾಖಲೆಗಳನ್ನು ಆದಾಯದ ದಾಖಲೆಗಳಿಗೆ ಜೋಡಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು.

ಅವರಿಗೆ ಕಂಡದ್ದು ಇದು: ಏನು ಓದಿದರು ಎಂಬುದರಿಂದ ಗಳಿಕೆಯಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ. ಹೆಚ್ಚು ಬೇಡಿಕೆಯ ಸಂಸ್ಥೆಯಲ್ಲಿ ಓದಿದರು ಎಂಬುದರಿಂದ ಆಗುವ ವ್ಯತ್ಯಾಸ ಅದಕ್ಕೆ ಹೋಲಿಸಿದರೆ ಚಿಕ್ಕದು. ಜೊತೆಗೆ, ಒಂದೇ ವಿಷಯದ ಲಾಭ ಎಲ್ಲರಿಗೂ ಒಂದೇ ಅಲ್ಲ, ಅದನ್ನು ಬಿಟ್ಟರೆ ಅವರ ಮುಂದಿನ ಆಯ್ಕೆ ಏನಾಗಿತ್ತು ಎಂಬುದರ ಮೇಲೆ ನಿಂತಿದೆ. ವೈದ್ಯಕೀಯ ತಪ್ಪಿ ಎಂಜಿನಿಯರಿಂಗ್‌ಗೆ ಬರುವವಳಿಗೂ ಇತಿಹಾಸ ಬಿಟ್ಟು ಎಂಜಿನಿಯರಿಂಗ್‌ಗೆ ಬರುವವನಿಗೂ ಪದವಿ ಪ್ರಮಾಣಪತ್ರ ಒಂದೇ, ಲಾಭದ ಲೆಕ್ಕ ಬೇರೆ. ನಾನು ಆರಂಭದಲ್ಲಿ ಪ್ರಶ್ನೆ ಪೂರ್ತಿಯಾಗಿಲ್ಲ ಎಂದದ್ದು ಇದೇ ಕಾರಣಕ್ಕೆ.

ಸಂಸ್ಥೆಯ ಹೆಸರಿನ ಬಗ್ಗೆ ಅಮೆರಿಕದಲ್ಲೂ ಇಂಥ ಒಂದು ಅಧ್ಯಯನ ನಡೆದಿದೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಪಡೆದ ವಿದ್ಯಾರ್ಥಿಗಳನ್ನು ಹೋಲಿಸಿದರು. ಹೆಸರಾಂತ ಕಾಲೇಜನ್ನು ಬಿಟ್ಟು ಸಾಧಾರಣ ಕಾಲೇಜಿಗೆ ಹೋದವರೂ ಮುಂದೆ ಹೆಚ್ಚುಕಡಿಮೆ ಅಷ್ಟೇ ಗಳಿಸುತ್ತಿದ್ದರು. ಒಂದು ಮುಖ್ಯ ವಿನಾಯಿತಿ ಇತ್ತು: ಕಡಿಮೆ ಆದಾಯದ ಮನೆಗಳ ಮಕ್ಕಳಿಗೆ ಹೆಸರಾಂತ ಕಾಲೇಜಿನಿಂದ ನಿಜಕ್ಕೂ ಲಾಭವಾಗಿತ್ತು. ಪರಿಚಯ, ಶಿಫಾರಸು, ಧೈರ್ಯ ಇವು ಕೆಲವರಿಗೆ ಮನೆಯಲ್ಲೇ ಸಿಗುತ್ತವೆ, ಕೆಲವರಿಗೆ ಕಾಲೇಜಿನಲ್ಲಿ ಮಾತ್ರ ಸಿಗುತ್ತವೆ ಎಂದು ನಾನು ಅದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಹಣವಂತರ ಮಕ್ಕಳೇ ಹೆಸರಿಗೆ ಹೆಚ್ಚು ಹಣ ಸುರಿಯುವುದನ್ನು ನೋಡಿದಾಗ ಲೆಕ್ಕ ತಲೆಕೆಳಗಾಗಿದೆ ಅನಿಸುತ್ತದೆ.

ಸರಾಸರಿಯ ಇನ್ನೊಂದು ತೊಂದರೆ, ಅದು ಯಾರೊಬ್ಬರ ಸಂಬಳವೂ ಅಲ್ಲ. ಹತ್ತು ಜನರಲ್ಲಿ ಒಬ್ಬನಿಗೆ 700, ಉಳಿದ ಒಂಬತ್ತು ಜನರಿಗೆ ತಲಾ 100 ಸಿಕ್ಕರೂ ಸರಾಸರಿ 160. ಜಾಹೀರಾತಿನಲ್ಲಿ ಮೊದಲನೆಯವನ ಫೋಟೋ ಇರುತ್ತದೆ. ಆದ್ದರಿಂದ ಸರಾಸರಿ ಬೇಡ, ಮಧ್ಯಾಂಕ ಕೇಳಿ, ಅಂದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವನ ಸಂಬಳ. ಸಾಲ ಮಾಡುವವರು ಮಧ್ಯಾಂಕಕ್ಕೂ ನಿಲ್ಲಬಾರದು, ಕೆಳಗಿನ ಕಾಲುಭಾಗದವರಿಗೆ ಎಷ್ಟು ಸಿಗುತ್ತಿದೆ ಎಂದು ಕೇಳಬೇಕು. ಸ್ಮಿತ್ ಇದನ್ನೂ ಬಿಟ್ಟಿಲ್ಲ. ಮಗನನ್ನು ಚಮ್ಮಾರನ ಬಳಿ ಕಲಿಯಲು ಬಿಟ್ಟರೆ ಅವನು ಜೋಡು ಹೊಲಿಯಲು ಕಲಿಯುವುದರಲ್ಲಿ ಅನುಮಾನವಿಲ್ಲ, ಕಾನೂನು ಓದಲು ಕಳಿಸಿದರೆ ಅದರಿಂದ ಹೊಟ್ಟೆ ಹೊರೆಯುವ ಮಟ್ಟಕ್ಕೆ ಅವನು ಬರುವುದು ಇಪ್ಪತ್ತಕ್ಕೆ ಒಂದು ಎಂದು ಬರೆದ. ವೃತ್ತಿ ಆರಿಸಿಕೊಳ್ಳುವ ವಯಸ್ಸಿನಲ್ಲೇ ಮನುಷ್ಯನಿಗೆ ತನ್ನ ಅದೃಷ್ಟದ ಮೇಲೆ ಅತಿ ಹೆಚ್ಚು ನಂಬಿಕೆ ಇರುತ್ತದೆ ಎಂದೂ ಸೇರಿಸಿದ. ಆ ನಂಬಿಕೆ ಈಗ ಪೋಷಕರಿಗೂ ಹಬ್ಬಿದೆ.

ಈಗ ಕಾಲದ ಮಾತು. ನೀವು ಸಂಬಳ ನೋಡುವುದು ಇವತ್ತು, ಕೆಲಸ ಹುಡುಕುವುದು ನಾಲ್ಕು ವರ್ಷದ ಮೇಲೆ. ರಿಚರ್ಡ್ ಫ್ರೀಮನ್ 1976ರಲ್ಲಿ ಎಂಜಿನಿಯರ್‌ಗಳ ಮಾರುಕಟ್ಟೆ ಅಲೆಯಂತೆ ಏರಿಳಿಯುವುದನ್ನು ತೋರಿಸಿದರು. ಸಂಬಳ ಏರಿದಾಗ ಎಲ್ಲರೂ ನುಗ್ಗುತ್ತಾರೆ, ನಾಲ್ಕು ವರ್ಷದ ಮೇಲೆ ಎಲ್ಲರೂ ಒಟ್ಟಿಗೆ ಹೊರಬರುತ್ತಾರೆ, ಸಂಬಳ ಕುಸಿಯುತ್ತದೆ. ಅದನ್ನು ನೋಡಿ ಮುಂದಿನವರು ಹಿಂಜರಿಯುತ್ತಾರೆ, ಮತ್ತೆ ಕೊರತೆ. ರೂ ಮತ್ತು ರೋಸೆನ್ ಎಂಬಿಬ್ಬರು 2004ರಲ್ಲಿ ಇದಕ್ಕೆ ತಿದ್ದುಪಡಿ ಕೊಟ್ಟರು: ವಿದ್ಯಾರ್ಥಿಗಳು ಅಷ್ಟೇನೂ ಮಂಕರಲ್ಲ, ಮುಂದಿನದನ್ನೂ ಒಂದಿಷ್ಟು ಅಂದಾಜು ಮಾಡುತ್ತಾರೆ ಎಂದು. ಇರಬಹುದು. ಆದರೆ ಕಚ್ಚಾ ತೈಲದ ಬೆಲೆಯನ್ನು ಅಂದಾಜು ಮಾಡಿದವರು ಯಾರು? 2012ರಲ್ಲಿ ಬ್ಯಾರೆಲ್‌ಗೆ ನೂರು ಡಾಲರ್ ಆಸುಪಾಸಿನಲ್ಲಿದ್ದಾಗ ಪೆಟ್ರೋಲಿಯಂ ಎಂಜಿನಿಯರಿಂಗ್ ಸೇರಿದವರು ಹೊರಬರುವ ವೇಳೆಗೆ, 2016ರ ಆರಂಭದಲ್ಲಿ, ಅದು ಮೂವತ್ತರ ಕೆಳಗೆ ಇಳಿದಿತ್ತು. ಓದಿನಲ್ಲಿ ಅವರದ್ದೇನೂ ತಪ್ಪಿರಲಿಲ್ಲ.

ಆರ್ಥಿಕ ಹಿಂಜರಿತದ ಕಾಲದಲ್ಲಿ ಪದವಿ ಪಡೆದವರ ಬಗ್ಗೆ ಕೆನಡಾದ ದಾಖಲೆಗಳಿಂದ 2012ರಲ್ಲಿ ಬಂದ ಅಧ್ಯಯನವೊಂದು ಸಾಮಾನ್ಯ ಹಿಂಜರಿತವೊಂದರಲ್ಲಿ ಆರಂಭದ ಗಳಿಕೆ ಶೇಕಡಾ 9ರಷ್ಟು ತಗ್ಗುತ್ತದೆ, ಅದು ಮಾಸಲು ಸುಮಾರು ಹತ್ತು ವರ್ಷ ಹಿಡಿಯುತ್ತದೆ ಎಂದಿತು. ಇದು ಎಲ್ಲ ಬಗೆಯ ಪದವೀಧರರ ಮಾತು.

ಎಂಜಿನಿಯರ್‌ಗಳಿಗೇ ವಿಶೇಷವಾದ ಸಂಗತಿ ಸವಕಳಿ. ನನ್ನ ಹಲಗೆಯ ಲೆಕ್ಕದಲ್ಲಿ 60ರ ಹೆಚ್ಚುವರಿ ಕೊನೆಯವರೆಗೂ 60 ಆಗಿಯೇ ಉಳಿಯಿತು. "ಸಂಬಳ ಏರುತ್ತಾ ಹೋಗುತ್ತದಲ್ಲ ಸಾರ್" ಎಂದು ಯಾರೋ ಆಗಲೇ ಮೆಲ್ಲಗೆ ಹೇಳಿದಿರಿ. ಏರುತ್ತದೆ, ಆದರೆ ಉಳಿದವರ ಸಂಬಳವೂ ಏರುತ್ತದೆ. ಡೇವಿಡ್ ಡೆಮಿಂಗ್ ಮತ್ತು ಕದೀಮ್ ನೋರೇ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕಂಪ್ಯೂಟರ್ ವಿಜ್ಞಾನ, ಎಂಜಿನಿಯರಿಂಗ್‌ನಂಥ ಅನ್ವಯಿಕ ವಿಷಯ ಓದಿದವರ ಮೇಲುಗೈ ಕೆಲಸಕ್ಕೆ ಸೇರುವಾಗ ಅತಿ ಹೆಚ್ಚಿರುತ್ತದೆ, ಮೊದಲ ದಶಕದಲ್ಲೇ ಅರ್ಧಕ್ಕಿಂತ ಹೆಚ್ಚು ಕರಗುತ್ತದೆ. ಕಾರಣ ಸರಳ: ಆ ಕೆಲಸಗಳಲ್ಲಿ ಬೇಕಾದ ಕೌಶಲಗಳು ಬೇಗ ಬದಲಾಗುತ್ತವೆ. ಹೊಸಬ ಹೊಸದನ್ನು ಕಲಿತೇ ಬಂದಿರುತ್ತಾನೆ, ಹಳಬನ ಅನುಭವದ ಒಂದು ಭಾಗ ಹಳತಾಗಿರುತ್ತದೆ. ಶುದ್ಧ ವಿಜ್ಞಾನ ಓದಿದವರಲ್ಲಿ ಈ ಇಳಿಜಾರು ಕಾಣಲಿಲ್ಲ. ಎಂಜಿನಿಯರ್ ಬಡವನಾಗುತ್ತಾನೆ ಎಂದು ಇದರ ಅರ್ಥವಲ್ಲ. ಮೊದಲ ವರ್ಷದ ಅಂತರವನ್ನು ಮೂವತ್ತೈದು ವರ್ಷಕ್ಕೆ ಗುಣಿಸಿ ಕನಸು ಕಾಣಬೇಡಿ ಎಂದಷ್ಟೇ. ನಡುವಯಸ್ಸಿನಲ್ಲಿ ಮತ್ತೆ ಕಲಿಯುವ ಖರ್ಚನ್ನೂ, ಅದಕ್ಕೆ ಬೇಕಾದ ಸಂಜೆಗಳನ್ನೂ ಪದವಿಯ ಬೆಲೆಗೇ ಸೇರಿಸಬೇಕು. ಪಂಪಿಗಾದರೆ ಇದನ್ನು ದುರಸ್ತಿ ವೆಚ್ಚ ಎಂದು ಬರೆಯುತ್ತೇವೆ.

ಇಷ್ಟು ಅನಿಶ್ಚಿತವಾದ ಹೂಡಿಕೆಗೆ ನಿಶ್ಚಿತ ಕಂತಿನ ಸಾಲ ಹೊಂದುವುದಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮಿಲ್ಟನ್ ಫ್ರೀಡ್ಮನ್ 1955ರಲ್ಲೇ ಮುಂದಿನ ಗಳಿಕೆಯ ಒಂದು ಪಾಲನ್ನು ಪಡೆಯುವ ಕರಾರಿನ ಮೇಲೆ ಓದಿಗೆ ಹಣ ಕೊಡಬಹುದು ಎಂದು ಸೂಚಿಸಿದ್ದರು. ಯೇಲ್ ವಿಶ್ವವಿದ್ಯಾಲಯ 1971ರಲ್ಲಿ ಇದನ್ನೇ ಗುಂಪಿನ ಮಟ್ಟದಲ್ಲಿ ಮಾಡಿ ನೋಡಿತು: ಒಂದು ತಂಡದವರೆಲ್ಲ ಸೇರಿ ತಂಡದ ಸಾಲ ತೀರುವವರೆಗೂ ಆದಾಯದ ಒಂದು ಪಾಲು ಕಟ್ಟಬೇಕು. ಚೆನ್ನಾಗಿ ಗಳಿಸಿದವರು ನಿಗದಿತ ಮೊತ್ತ ಕಟ್ಟಿ ಹೊರಬಿದ್ದರು, ಕೆಲವರು ಕಟ್ಟಲೇ ಇಲ್ಲ, ಉಳಿದವರ ಹೆಗಲ ಮೇಲೆ ಭಾರ ಕೂತಿತು. ಕೊನೆಗೆ ಬಾಕಿಯನ್ನು ಮನ್ನಾ ಮಾಡಬೇಕಾಯಿತು. ಆಸ್ಟ್ರೇಲಿಯಾ 1989ರಲ್ಲಿ ಅದನ್ನು ಸರಿಯಾದ ಜಾಗದಲ್ಲಿಟ್ಟಿತು, ಅಂದರೆ ತೆರಿಗೆ ವ್ಯವಸ್ಥೆಯೊಳಗೆ. ಆದಾಯ ಒಂದು ಮಟ್ಟ ದಾಟಿದರೆ ಮಾತ್ರ ಕಡಿತ, ದಾಟದಿದ್ದರೆ ಆ ವರ್ಷ ಕಂತಿಲ್ಲ. ಅಲ್ಲಿ ಕೆಟ್ಟ ವರ್ಷದ ಭಾರ ಇಪ್ಪತ್ತೆರಡು ವಯಸ್ಸಿನವನೊಬ್ಬನ ಮೇಲೆಯೇ ಬೀಳುವುದಿಲ್ಲ. ಇಂಥ ಸಾಲ ಸಿಗದ ಕಡೆ ಪ್ರತಿ ಮನೆಯೂ ತನ್ನ ವಿಮೆಯನ್ನು ತಾನೇ ಮಾಡಿಕೊಳ್ಳಬೇಕು, ಅಂದರೆ ಕಡಿಮೆ ಸಾಲ ಮಾಡಬೇಕು.

ಪ್ರಶ್ನೆಗಳಿಗೆ ಬರೋಣ.

ಒಬ್ಬ ತಾಯಿ: ಹಾಗಾದರೆ ಎಷ್ಟು ಸಾಲ ಮಾಡಬಹುದು?

ಸಂಖ್ಯೆ ಹೇಳಲಾರೆನಮ್ಮಾ, ವಿಧಾನ ಹೇಳುತ್ತೇನೆ. ಆ ಕಾಲೇಜಿನಿಂದ ಹೊರಬಂದವರಲ್ಲಿ ಕೆಳಗಿನ ಕಾಲುಭಾಗದವರ ಸಂಬಳ ತಿಳಿದುಕೊಳ್ಳಿ. ಅದರಲ್ಲಿ ಬಾಡಿಗೆ, ಊಟ, ಓಡಾಟ ಕಳೆಯಿರಿ. ಉಳಿದದ್ದರಲ್ಲಿ ಕಂತು ಕಟ್ಟಲು ಆಗುತ್ತದೆಯೇ ನೋಡಿ. ಕೆಲಸ ಸಿಗಲು ಒಂದು ವರ್ಷ ತಡವಾದರೆ ಬಡ್ಡಿ ಯಾರು ಕಟ್ಟುತ್ತಾರೆ ಎಂದು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ಉತ್ತರ ಸಿಗದಿದ್ದರೆ ಶುಲ್ಕ ಕಡಿಮೆ ಇರುವ ಕಾಲೇಜನ್ನು ನೋಡಿ. ಓದುವ ವಿಷಯವನ್ನು ಬಿಟ್ಟುಕೊಡುವುದಕ್ಕಿಂತ ಕಾಲೇಜಿನ ಹೆಸರನ್ನು ಬಿಟ್ಟುಕೊಡುವುದು ಎಷ್ಟೋ ಮೇಲು, ನಾರ್ವೆಯ ಲೆಕ್ಕವೂ ಅದನ್ನೇ ಹೇಳುತ್ತದೆ.

ಒಬ್ಬ ವಿದ್ಯಾರ್ಥಿನಿ: ನನಗೆ ಎಂಜಿನಿಯರಿಂಗ್ ನಿಜವಾಗಿಯೂ ಇಷ್ಟ. ಇಷ್ಟಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲವೇ?

ಇದೆ, ಅದೂ ಎರಡು ಕಡೆ. ಇಷ್ಟಪಟ್ಟು ಓದುವವರು ನಾಲ್ಕೇ ವರ್ಷದಲ್ಲಿ ಮುಗಿಸುವ ಸಾಧ್ಯತೆ ಹೆಚ್ಚು, ಹತ್ತು ವರ್ಷದ ಮೇಲೆ ಹೊಸದನ್ನು ಕಲಿಯಲು ಅವರನ್ನು ಯಾರೂ ಬಲವಂತ ಮಾಡಬೇಕಿಲ್ಲ. ಇವೆರಡೂ ನೇರವಾಗಿ ಹಣದ ಮಾತು. ಅದಲ್ಲದೆ, ಇಷ್ಟವಾದ ಕೆಲಸಕ್ಕಾಗಿ ಕೊಂಚ ಕಡಿಮೆ ಗಳಿಸಲು ನೀನು ಸಿದ್ಧಳಿದ್ದರೆ ಅದನ್ನು ನಷ್ಟ ಎನ್ನುವ ಹಕ್ಕು ಯಾವ ಅರ್ಥಶಾಸ್ತ್ರಜ್ಞನಿಗೂ ಇಲ್ಲ. ಎಷ್ಟು ಕಡಿಮೆ ಎಂಬುದು ನಿನಗೆ ಗೊತ್ತಿರಲಿ. ನಿನ್ನ ಪಕ್ಕದಲ್ಲಿ ಕೂತಿರುವವರಿಗೂ ಗೊತ್ತಿರಲಿ, ಸಾಲಕ್ಕೆ ಸಹಿ ಹಾಕುವವರು ಅವರು.

ಹಿಂದಿನ ಸಾಲಿನಿಂದ ಒಬ್ಬರು: ಕಾಲೇಜಿನವರು ಶೇಕಡಾ 90 ಮಂದಿಗೆ ಕೆಲಸ ಸಿಕ್ಕಿದೆ ಎನ್ನುತ್ತಾರೆ. ನಂಬಬಹುದೇ?

ಅವರು ಸುಳ್ಳು ಹೇಳದೆಯೂ ಆ ಸಂಖ್ಯೆ ತರಬಹುದು. ನೂರು ಮಂದಿ ಸೇರಿದರು ಎನ್ನಿ, ಎಂಬತ್ತು ಮಂದಿ ಮುಗಿಸಿದರು. ಇಷ್ಟು ಅಂಕ ಇದ್ದವರು ಮಾತ್ರ ಸಂದರ್ಶನಕ್ಕೆ ಬನ್ನಿ ಎಂದಾಗ ಐವತ್ತು ಮಂದಿ ಉಳಿದರು. ಅವರಲ್ಲಿ ನಲವತ್ತೈದು ಮಂದಿಗೆ ಕೆಲಸದ ಪತ್ರ ಸಿಕ್ಕಿತು. ಶೇಕಡಾ 90 ಆಯಿತು. ನಿಮ್ಮ ಮಗ ಈಗ ಸೇರುತ್ತಿರುವುದು ಆ ಐವತ್ತರ ಪಟ್ಟಿಗಲ್ಲ, ನೂರರ ಪಟ್ಟಿಗೆ, ಅಲ್ಲಿ ಅದು ಶೇಕಡಾ 45. ಆದ್ದರಿಂದ ಮೊದಲ ವರ್ಷ ಸೇರಿದವರೆಷ್ಟು, ಸರಿಯಾದ ಅವಧಿಯಲ್ಲಿ ಮುಗಿಸಿದವರೆಷ್ಟು, ಕೆಲಸದ ಪತ್ರ ಸಿಕ್ಕವರಲ್ಲಿ ನಿಜವಾಗಿ ಕೆಲಸಕ್ಕೆ ಸೇರಿದವರೆಷ್ಟು, ಅವರ ಮಧ್ಯಾಂಕ ಸಂಬಳ ಎಷ್ಟು ಎಂದು ಬರಹದಲ್ಲಿ ಕೇಳಿ. ಕೊಡದಿದ್ದರೆ ಎರಡು ವರ್ಷ ಹಿಂದೆ ಹೊರಬಂದ ನಾಲ್ಕಾರು ಜನರನ್ನು ಹುಡುಕಿ ಮಾತಾಡಿ. ಜಾಹೀರಾತಿನಲ್ಲಿ ಫೋಟೋ ಇಲ್ಲದವರನ್ನು.